ಕಣ್ಣಿಗೆ ಕಂಡರೂ ಹುಡುಕಿದರೆ ಸಿಗದ ಕನ್ನಡ ಪ್ರಬಂಧಗಳು: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ನಮಸ್ಕಾರ. ಬೆಂಗಳೂರಿನ ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲೇ ಬರೆದು ಒಪ್ಪಿಸುವ ಪಿಎಚ್‌ಡಿ ಪ್ರಬಂಧಗಳ ಕುರಿತು ಈ ಪತ್ರ. ಫೆಲೋಶಿಪ್, ಹಾಸ್ಟೆಲ್‌ಗಳ ಅಹವಾಲು ತಮ್ಮ ಮೇಜಿಗೆ ಹೇಗೂ ಬಂದಿರುತ್ತದೆ, ಇದು ಬಂದಿರಲಾರದು.

ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಿಂದ ಹಳೆಯ ಕನ್ನಡ ಪ್ರಬಂಧವೊಂದನ್ನು ಇಳಿಸಿಕೊಂಡು ‘ವಚನ’ ಎಂದು ಹುಡುಕಿಸಿ ನೋಡಿ. ಪುಟದ ಮೇಲೆ ಪದ ಕಾಣುತ್ತಿದ್ದರೂ ಎಷ್ಟೋ ಕಡೆ ಏನೂ ಸಿಗದು. ಕೆಲವು ಬರೀ ಸ್ಕ್ಯಾನ್ ಮಾಡಿದ ಚಿತ್ರಗಳು. ಇನ್ನು ಕೆಲವು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಾದವು. ಆ ಫಾಂಟು ಕನ್ನಡ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತದೆ: ‘ಕ’ದ ಮೈಗೊಂದು ಸಂಕೇತ, ತಲೆಕಟ್ಟಿಗೊಂದು, ಒತ್ತಿಗೆ ಮತ್ತೊಂದು. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಜಾಗತಿಕ ಮಾನದಂಡ ಯೂನಿಕೋಡ್. ‘ಕನ್ನಡ’ ಅದರಲ್ಲಿ 5 ಸಂಕೇತ, ನುಡಿ ಆಸ್ಕಿಯಲ್ಲಿ 7. ಫಾಂಟು ತೆಗೆದರೆ ಉಳಿಯುವುದು ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿ.

ಇದರ ಪೆಟ್ಟು ಕೃತಿಚೌರ್ಯ ತಪಾಸಣೆಗೂ ಬಿದ್ದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಆದರೆ ತಂತ್ರಾಂಶ ಹೋಲಿಸುವುದು ಸಂಕೇತಗಳನ್ನು. ಅಂತರ್ಜಾಲದ ಯೂನಿಕೋಡ್ ಲೇಖನವನ್ನು ಯಾರಾದರೂ ಆಸ್ಕಿಗೆ ಇಳಿಸಿಕೊಂಡರೆ ಎರಡೂ ಒಂದೇ ಎಂದು ಅದಕ್ಕೆ ತಿಳಿಯುವುದೇ ಇಲ್ಲ. ಕನ್ನಡ ಪ್ರಬಂಧದ ವರದಿಯಲ್ಲಿ ಶೇ. 0 ಕಂಡರೆ ಮೊದಲು ಫಾಂಟನ್ನು ಅನುಮಾನಿಸಬೇಕು. ಅದೇ ನಿಯಮ ಸತತ 14 ಪದಗಳವರೆಗಿನ ಕಾಕತಾಳೀಯ ಹೋಲಿಕೆಯನ್ನು ಕೈಬಿಡುತ್ತದೆ. ‘ಹೋಗಬೇಕಾಗಿರಲಿಲ್ಲವೆಂದು’ ಎಂಬುದು ನಮಗೆ ಒಂದು ಪದ, ಇಂಗ್ಲಿಷಿನಲ್ಲಿ ಏಳೆಂಟು. 14 ಕನ್ನಡ ಪದಗಳೆಂದರೆ ಕೆಲವೊಮ್ಮೆ ಒಂದಿಡೀ ವಾದವೇ ಆದೀತು.

ತಪ್ಪನ್ನು ವಿದ್ಯಾರ್ಥಿಯ ತಲೆಗೆ ಕಟ್ಟುವುದು ಸುಲಭ. ಹಸ್ತಪ್ರತಿ ಹೋಗುವುದು ಡಿಟಿಪಿ ಅಂಗಡಿಗೆ. ಅಲ್ಲಿ ಪುಟ ವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ ಇದ್ದರೆ ಅದು ಕನ್ನಡ ಯೂನಿಕೋಡನ್ನು ಒಪ್ಪದು. ಕೊನೆಗೆ ‘ಯೂನಿಕೋಡಿಗೆ ಕನ್ವರ್ಟ್ ಮಾಡಿಕೊಳ್ಳಿ’ ಎಂದರೆ ಬೇರೆಯೇ ಪಾಡು. ಅರ್ಕಾವೊತ್ತು ಆಸ್ಕಿಯಲ್ಲಿ ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು. ಪರಿವರ್ತಕ ಅದನ್ನು ಸರಿಯಾಗಿ ಹಿಂದಕ್ಕೆ ಒಯ್ಯದಿದ್ದರೆ ಪದ ಕೆಡುತ್ತದೆ. ನಡುವಿನ ಇಂಗ್ಲಿಷ್ ಹೆಸರುಗಳೂ ಕನ್ನಡದ ಗೋಜಲಾಗುತ್ತವೆ. ಗ್ರಂಥಸೂಚಿಯಲ್ಲಿ ಇದು ಹೆಚ್ಚು, ಪರೀಕ್ಷಕರು ಮೊದಲು ತಿರುವುವುದೂ ಅದನ್ನೇ.

ಹಾಗಾಗಿ ಯೂನಿಕೋಡ್ ನಿಯಮ ಪ್ರಬಂಧ ಒಪ್ಪಿಸುವ ದಿನದ್ದಾಗಬಾರದು, ಮೊದಲ ವರ್ಷದ್ದಾಗಬೇಕು. 2022ರ ಯುಜಿಸಿ ನಿಯಮದ ಪ್ರಕಾರ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರಿನಲ್ಲೂ ಪ್ರಗತಿ ವರದಿ ಇಡಬೇಕು. ಮೊದಲ ವರದಿಯಿಂದಲೇ ಯೂನಿಕೋಡ್ ಕಡ್ಡಾಯವಾಗಲಿ. ಪಿಡಿಎಫ್ ಜೊತೆ ಮೂಲ ವರ್ಡ್ ಕಡತವನ್ನೂ ಪಡೆಯಬೇಕು, ಏಕೆಂದರೆ ಯೂನಿಕೋಡಿನಲ್ಲಿ ಬರೆದದ್ದೂ ಪಿಡಿಎಫ್ ಆಗುವಾಗ ಒತ್ತಕ್ಷರ ಕಳೆದುಕೊಳ್ಳುವುದುಂಟು. ಗ್ರಂಥಾಲಯದ ಸಿಬ್ಬಂದಿ ಸ್ವೀಕರಿಸುವ ಮುನ್ನ ಮೂರು ಪುಟಗಳಿಂದ ಒಂದೊಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಲಿ, ಎರಡು ನಿಮಿಷದ ಕೆಲಸ. ಕನ್ನಡ ಬಾರದಿದ್ದರೆ ವಾಪಸ್.

1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯ ಈಗ ಮೂರಾಗಿದೆ. ಸುತ್ತೋಲೆ ಮೂರಕ್ಕೂ ಒಂದೇ ಇರಲಿ, ಇಲಾಖೆಯಿಂದಲೇ ಹೊರಡಲಿ. ಹಳೆಯ ಪ್ರಬಂಧಗಳ ಪರಿವರ್ತನೆಗೆ ಹಣ ಬೇಕು, ಅದನ್ನು ಬಜೆಟ್ಟಿನ ಹೊತ್ತಿಗೆ ಕೇಳುತ್ತೇವೆ. ಸುತ್ತೋಲೆಗೆ ಹಣ ಬೇಡ.

ಇಂತಿ,
ಕನ್ನಡದಲ್ಲಿ ಸಂಶೋಧನೆ ನಡೆಸುತ್ತಿರುವ ಕೆಲವರು, ಬೆಂಗಳೂರು