ನಾಳೆ ಹೋಯಿ ಆನ್: ಎಲ್ಲರೂ ಓದಿ

ನಮಸ್ಕಾರ. ಬೆಳಿಗ್ಗೆ ಆರೂವರೆಗೆ ವ್ಯಾನ್ ಹೊರಡುತ್ತೆ, ದಯವಿಟ್ಟು ತಡ ಮಾಡಬೇಡಿ. ವಿಯೆಟ್ನಾಂನ ಈ ಹಳೇ ಬಂದರು ಊರು ದನಾಂಗ್ ನಗರದಿಂದ ಸುಮಾರು 30 ಕಿ.ಮೀ. ದೂರ. ಬಿಸಿಲೇರುವ ಮೊದಲೇ ಹಳೇ ಪೇಟೆಯಲ್ಲಿ ನಡೆದಾಡಿದರೆ ಚೆನ್ನ. ಕಾಲಿಗೆ ಹಿತವಾದ ಚಪ್ಪಲಿ ಇರಲಿ.

ಮೊದಲು ಜಪಾನಿ ಸೇತುವೆ. 20,000 ಡಾಂಗ್ ನೋಟಿನ ಮೇಲಿರೋದು ಇದೇ. ಒಂದು ತುದಿಯಲ್ಲಿ ನಾಯಿಗಳ ಮೂರ್ತಿ, ಇನ್ನೊಂದು ತುದಿಯಲ್ಲಿ ಕೋತಿಗಳದ್ದು, ನೋಡದೆ ದಾಟಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ತಾನ್ ಕೀ ಅನ್ನೋ ಹಳೇ ವರ್ತಕರ ಮನೆ. ಮುಂಬಾಗಿಲು ಬೀದಿಗೆ, ಹಿಂಬಾಗಿಲು ಥು ಬೋನ್ ನದಿ ಕಡೆಗೆ. ಹಡಗಿನ ಸರಕು ಹಿಂದಿನಿಂದ ಬಂದು ಮುಂದೆ ವ್ಯಾಪಾರವಾಗ್ತಿತ್ತು. ನೆರೆ ನೀರು ಎಲ್ಲಿವರೆಗೆ ಏರಿತ್ತು ಅಂತ ಗೋಡೆ ಮೇಲೆ ವರ್ಷದ ಸಮೇತ ಗುರುತು ಮಾಡಿದ್ದಾರೆ. ಆ ಗೋಡೆ ಹತ್ತಿರ ಒಮ್ಮೆ ನಿಂತು ನೋಡಿ, ಈ ಊರಿನವರ ಛಲ ಅರ್ಥವಾಗುತ್ತೆ. ಅಕ್ಟೋಬರ್, ನವೆಂಬರ್‌ನಲ್ಲಿ ಈಗಲೂ ಬೀದಿಗೆ ನೀರು ನುಗ್ಗುತ್ತೆ.

ಹಳೇ ಮನೆಗಳಿಗೂ ಚೀನೀ ವರ್ತಕರ ಸಭಾಭವನಗಳಿಗೂ ಒಂದೇ ಟಿಕೆಟ್, ಸಂಜೆವರೆಗೆ ಕಳೆದುಕೊಳ್ಳಬೇಡಿ.

ಊಟ: ಇಲ್ಲಿನ ಕಾವ್ ಲಾವ್ ನೂಡಲ್ಸ್‌ಗೆ ಸಾಮಾನ್ಯವಾಗಿ ಹಂದಿಮಾಂಸ ಹಾಕ್ತಾರೆ. ಸಸ್ಯಾಹಾರಿಗಳು ‘ಚಾಯ್’ (chay, ಅಂದ್ರೆ ಸಸ್ಯಾಹಾರ) ಅಂತ ಬರೆದಿರುವ ಹೋಟೆಲ್‌ಗೆ ಬನ್ನಿ, ನಾನೂ ಅಲ್ಲೇ ಇರ್ತೀನಿ.

ಕತ್ತಲಾದ ಮೇಲೆ ದೀಪದ ದೋಣಿ ಹತ್ತೋರು ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಬರೋರು ಇವತ್ತು ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.