ಯೊಸೆಮಿಟಿಯಲ್ಲಿ ಜೋಡಿಗಳ ಫೋಟೊ: ಸ್ಥಳ ಆರಿಸುವ ಕ್ರಮದಲ್ಲಿ ಬದಲಾವಣೆ ಕುರಿತು ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರಿಗೆ,

ನಮಸ್ಕಾರ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಮದುವೆಗೆ ಮುಂಚಿನ, ಮದುವೆಯ ನಂತರದ ಅಥವಾ ವಿವಾಹ ವಾರ್ಷಿಕೋತ್ಸವದ ಫೋಟೊಗಳಿಗಾಗಿ ನಮ್ಮ ಸಣ್ಣ ಸಂಸ್ಥೆಯನ್ನು ಸಂಪರ್ಕಿಸಿರುವವರಿಗೆ ಮತ್ತು ಈಗಾಗಲೇ ದಿನಾಂಕ ಕಾಯ್ದಿರಿಸಿರುವವರಿಗೆ ಒಂದು ಬದಲಾವಣೆಯನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇವೆ. ಇದುವರೆಗೆ ದಿನಾಂಕ ಗೊತ್ತುಮಾಡುವಾಗಲೇ ನೀವು ನಮ್ಮ ಪಟ್ಟಿಯಿಂದ ಒಂದು ಸ್ಥಳದ ಹೆಸರನ್ನೂ ಆರಿಸುತ್ತಿದ್ದಿರಿ. ಇನ್ನು ಮುಂದೆ ಆ ಪಟ್ಟಿ ಇರುವುದಿಲ್ಲ. ದಿನಾಂಕ, ನಿಮಗೆ ಎಷ್ಟು ದೂರ ನಡೆಯಲು ಸಾಧ್ಯ, ಎಂಥ ಚಿತ್ರ ಬೇಕು ಎಂಬುದನ್ನು ನೀವು ಹೇಳಿದರೆ ಸಾಕು. ಒಂದು ಮುಖ್ಯ ಸ್ಥಳವನ್ನೂ ಒಂದು ಪರ್ಯಾಯ ಸ್ಥಳವನ್ನೂ ಶೂಟ್‌ಗೆ ಸುಮಾರು ಒಂದು ವಾರ ಮುಂಚೆ ನಾವು ಸೂಚಿಸುತ್ತೇವೆ, ನಿಮ್ಮ ಒಪ್ಪಿಗೆ ಪಡೆದು ಅಂತಿಮಗೊಳಿಸುತ್ತೇವೆ.

ಇದರಿಂದ ನಿಮ್ಮ ಆಯ್ಕೆಯ ಹಕ್ಕು ಕಡಿಮೆಯಾಯಿತೆಂದು ಕೆಲವರಿಗೆ ಅನ್ನಿಸಬಹುದು, ಆದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಸುಮಾರು 3000 ಚದರ ಕಿಲೋಮೀಟರ್ ಹರಡಿರುವ ಈ ಉದ್ಯಾನದಲ್ಲಿ ಪ್ರಸಿದ್ಧ ಸ್ಥಳವೊಂದರ ಹೆಸರು ವರ್ಷವಿಡೀ ಒಂದೇ ಆಗಿದ್ದರೂ ಆ ಸ್ಥಳ ಒಂದೇ ಆಗಿರುವುದಿಲ್ಲ. 739 ಮೀಟರ್ ಎತ್ತರದಿಂದ ಧುಮುಕುವ ಯೊಸೆಮಿಟಿ ಜಲಪಾತ ಹಿಮ ಕರಗಿದ ನೀರನ್ನೇ ನಂಬಿಕೊಂಡಿದೆ. ಮೇ, ಜೂನ್ ತಿಂಗಳಲ್ಲಿ ಅದರ ಸದ್ದು ಕಣಿವೆಗೆಲ್ಲ ಕೇಳಿಸುತ್ತದೆ, ಆಗಸ್ಟ್ ಬರುವಷ್ಟರಲ್ಲಿ ಬಹುತೇಕ ವರ್ಷಗಳಲ್ಲಿ ಬರಿಯ ಬಂಡೆ ಉಳಿಯುತ್ತದೆ. ಮಿರರ್ ಲೇಕ್ (ಕನ್ನಡಿ ಸರೋವರ) ಎಂಬ ಹೆಸರು ನೋಡಿ ಸೆಪ್ಟೆಂಬರ್‌ನಲ್ಲಿ ಪ್ರತಿಬಿಂಬದ ಚಿತ್ರ ಕೇಳುವವರಿಗೆ ಅಲ್ಲಿ ಸಿಗುವುದು ಮರಳು ಮತ್ತು ಹುಲ್ಲು. ಯೊಸೆಮಿಟಿ ಜಲಪಾತಕ್ಕೆ ಹೋಲಿಸಿದರೆ 188 ಮೀಟರ್ ಎತ್ತರದ ಬ್ರೈಡಲ್‌ವೇಲ್ ಜಲಪಾತ ಚಿಕ್ಕದು, ಆದರೆ ವರ್ಷವಿಡೀ ಹರಿಯುತ್ತದೆ. ಶರತ್ಕಾಲದಲ್ಲಿ ಮದುವೆಯಾಗುವವರಿಗೆ ನೀರು ಬೇಕೇ ಬೇಕೆಂದರೆ ನಾವು ತೋರಿಸುವುದು ಅದನ್ನೇ.

ರಸ್ತೆಗಳ ವಿಷಯವೂ ಹೀಗೆಯೇ. ಗ್ಲೇಸಿಯರ್ ಪಾಯಿಂಟ್ ಎಂಬ ಎತ್ತರದ ವೀಕ್ಷಣಾ ಸ್ಥಳಕ್ಕೆ ಹೋಗುವ ರಸ್ತೆ ಮತ್ತು ಟೆನಾಯಾ ಸರೋವರದ ಕಡೆಗೆ ಹೋಗುವ ಟಯೋಗಾ ರಸ್ತೆ ಸಾಮಾನ್ಯವಾಗಿ ನವೆಂಬರ್‌ನಲ್ಲಿ ಹಿಮ ಬಿದ್ದಾಗ ಮುಚ್ಚಿದರೆ ಮತ್ತೆ ತೆರೆಯುವುದು ಮೇ ಕೊನೆಗೆ ಅಥವಾ ಜೂನ್‌ನಲ್ಲಿ, ಹಿಮ ಹೆಚ್ಚು ಬಿದ್ದ ವರ್ಷ ಇನ್ನೂ ತಡವಾಗಿ. ಆರು ತಿಂಗಳ ಮುಂಚೆ ಹೆಸರು ಬರೆದುಕೊಟ್ಟವರಿಗೆ ಆ ದಿನ ರಸ್ತೆ ತೆರೆದಿರುತ್ತದೆಂದು ಯಾರೂ ಭರವಸೆ ಕೊಡಲಾರರು. ಸ್ಥಳ ಬದಲಾಗುವುದಕ್ಕೆ ಉದಾಹರಣೆಯಾಗಿ ಸೆಂಟಿನೆಲ್ ಡೋಮ್ ಎಂಬ ಬಂಡೆಗುಡ್ಡದ ತುದಿಯಲ್ಲಿ ಗಾಳಿಗೆ ಬಾಗಿ ನಿಂತಿದ್ದ ಜೆಫ್ರಿ ಪೈನ್ ಮರವನ್ನೇ ತೆಗೆದುಕೊಳ್ಳಿ: ಹತ್ತೊಂಬತ್ತನೆಯ ಶತಮಾನದಿಂದ ಎಷ್ಟೋ ಛಾಯಾಗ್ರಾಹಕರ ಕ್ಯಾಮೆರಾಕ್ಕೆ ಸಿಕ್ಕಿದ್ದ ಆ ಮರ 1970ರ ದಶಕದ ಬರಗಾಲದಲ್ಲಿ ಒಣಗಿ, 2003ರಲ್ಲಿ ಉರುಳಿಬಿತ್ತು. ಅದರ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆಯಬೇಕೆಂಬ ಕೋರಿಕೆ ಮಾತ್ರ ಇಂದಿಗೂ ಬರುತ್ತದೆ.

ಸ್ಥಳವನ್ನು ನಿರ್ಧರಿಸುವುದು ಬಹುಪಾಲು ಬೆಳಕು. ಯೊಸೆಮಿಟಿ ಕಣಿವೆ ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿದೆ. ಎರಡೂ ಬದಿಗೆ ಸುಮಾರು 900 ಮೀಟರ್ ಎತ್ತರದ ಗ್ರಾನೈಟ್ ಗೋಡೆಗಳಿವೆ. ಪಂಚಾಂಗದಲ್ಲಿ ಅಥವಾ ಫೋನಿನಲ್ಲಿ ಕಾಣುವ ಸೂರ್ಯಾಸ್ತದ ಸಮಯ ಕಣಿವೆಯ ನೆಲದ ಮೇಲೆ ನಿಂತವರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಬಿಸಿಲು ಅದಕ್ಕಿಂತ ಬಹಳ ಮುಂಚೆಯೇ ನೆಲವನ್ನು ಬಿಟ್ಟು ಗೋಡೆ ಹತ್ತಿರುತ್ತದೆ. ಚಳಿಗಾಲದಲ್ಲಂತೂ ಕಣಿವೆಯ ದಕ್ಷಿಣ ಭಾಗದ ಕೆಲವೆಡೆ ದಿನವಿಡೀ ನೆರಳು. ನೆರಳೆಂದರೆ ಕೆಟ್ಟದ್ದೇನಲ್ಲ: ಎದುರಿನ ಗೋಡೆಗೆ ಬಿದ್ದ ಬಿಸಿಲು ಮೃದುವಾಗಿ ಮರಳಿ ಬಂದು ಮುಖದ ಮೇಲೆ ಸಮನಾಗಿ ಹರಡುತ್ತದೆ, ಆ ಬೆಳಕಿನಲ್ಲಿ ಕಣ್ಣಿನ ಕೆಳಗೆ ಕಪ್ಪು ಕಾಣುವುದಿಲ್ಲ, ರೇಷ್ಮೆಯ ಬಣ್ಣವೂ ಬಿಳಿಚಿಕೊಳ್ಳುವುದಿಲ್ಲ. ಆದರೆ ಹೊಂಬಿಸಿಲಿನಲ್ಲಿ ಕೂದಲು ಮಿನುಗಬೇಕೆಂದು ಬಯಸಿದವರನ್ನು ಸಂಜೆ ಐದಕ್ಕೆ ಅಂಥ ಜಾಗದಲ್ಲಿ ನಿಲ್ಲಿಸಿ ಪ್ರಯೋಜನವಿಲ್ಲ.

ಎಲ್ಲರೂ ಮೊದಲು ಕೇಳುವ ಟನಲ್ ವ್ಯೂ ಎಂಬ ವೀಕ್ಷಣಾ ಸ್ಥಳ, 1933ರಲ್ಲಿ ತೆರೆದ ವಾವೋನಾ ಸುರಂಗದ ಪೂರ್ವ ಬಾಯಿಯಲ್ಲಿದೆ. ಅಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಎಡಕ್ಕೆ ಎಲ್ ಕ್ಯಾಪಿಟನ್ ಎಂಬ ಬೃಹತ್ ಬಂಡೆ, ಬಲಕ್ಕೆ ಬ್ರೈಡಲ್‌ವೇಲ್ ಜಲಪಾತ, ದೂರದಲ್ಲಿ ಹಾಫ್ ಡೋಮ್ ಎಂಬ ಗುಮ್ಮಟದಂಥ ಶಿಖರ. ಬೆಳಗ್ಗೆ ಸೂರ್ಯ ಕಣಿವೆಯ ಆ ತುದಿಯಿಂದಲೇ ಏರುವುದರಿಂದ ಬೆಟ್ಟಗಳೆಲ್ಲ ಹಿಂಬೆಳಕಿನಲ್ಲಿ ನೀಲಿ ಪದರಗಳಾಗಿ ಕಾಣುತ್ತವೆ. ಜೋಡಿಯ ಆಕಾರ ಬಂದರೆ ಸಾಕು, ಮುಖಭಾವ ಅಷ್ಟೇನೂ ಬೇಡ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಮಧ್ಯಾಹ್ನದ ನಂತರ ಬೆಳಕು ಹಿಂದಿನಿಂದ ಬಂದು ಬಂಡೆಗಳ ಮೇಲೆ ನೇರ ಬೀಳುತ್ತದೆ, ಚಿತ್ರ ಅಂಚೆಕಾರ್ಡಿನ ಚಿತ್ರದಷ್ಟೇ ಸ್ಪಷ್ಟವಾಗುತ್ತದೆ, ಜೊತೆಗೆ ಪ್ರವಾಸಿಗಳ ಸಾಲೂ ಬೆಳೆಯುತ್ತದೆ. ಸೆಂಟಿನೆಲ್ ಸೇತುವೆಯ ಮೇಲಿನಿಂದ ಮರ್ಸೆಡ್ ನದಿಯಲ್ಲಿ ಹಾಫ್ ಡೋಮ್‌ನ ಪ್ರತಿಬಿಂಬ ಕಾಣುವ ನೋಟವೂ, ಸಮುದ್ರಮಟ್ಟದಿಂದ 2199 ಮೀಟರ್ ಎತ್ತರದ ಗ್ಲೇಸಿಯರ್ ಪಾಯಿಂಟ್‌ನ ನೋಟವೂ ಇಳಿಬಿಸಿಲಿನವು. ಹಾಫ್ ಡೋಮ್ ಕೆಂಪಾಗುವ ಆ ಕೆಲವೇ ನಿಮಿಷಗಳಿಗೆ ಅಲ್ಲಿ ಟ್ರೈಪಾಡುಗಳ ನಡುವೆ ಇಬ್ಬರು ನೆಮ್ಮದಿಯಿಂದ ನಿಲ್ಲುವಷ್ಟು ಜಾಗ ಸಿಗುವುದು ಅನುಮಾನ. ನಮ್ಮ ಅಭಿಪ್ರಾಯದಲ್ಲಿ ಬೇಸಿಗೆಯ ಸಂಜೆಗಿಂತ ವಾರದ ನಡುವಿನ ಮುಂಜಾನೆ, ಹೆಸರಿಲ್ಲದ ಒಂದು ನದಿದಂಡೆ, ಜೋಡಿಗೆ ಹೆಚ್ಚು ಒಪ್ಪುತ್ತದೆ. ಕ್ಯಾಮೆರಾ ಮರೆತು ಒಬ್ಬರನ್ನೊಬ್ಬರು ನೋಡಲು ಏಕಾಂತ ಬೇಕು.

ಮಾರಿಪೋಸಾ ತೋಪಿನ ದೈತ್ಯ ಸೆಕ್ವೊಯಾ ಮರಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅಲ್ಲಿ ಎದುರಾಗುವ ಕಷ್ಟ ಬೇರೆ ರೀತಿಯದು. ಸುಮಾರು 500 ಬಲಿತ ಮರಗಳಿರುವ ಈ ತೋಪಿನಲ್ಲಿ ಗ್ರಿಜ್ಲಿ ಜಯಂಟ್ ಎಂಬ ಮರದ ವಯಸ್ಸು ಸುಮಾರು 3000 ವರ್ಷವೆಂದು ಅಂದಾಜು. ಇಡೀ ಮರ ಚೌಕಟ್ಟಿನೊಳಗೆ ಬರಬೇಕೆಂದರೆ ಜೋಡಿ ಚುಕ್ಕೆಯಾಗುತ್ತದೆ, ಜೋಡಿ ಕಾಣಬೇಕೆಂದರೆ ಮರ ಬರಿಯ ಕೆಂಪು ಗೋಡೆಯಾಗುತ್ತದೆ. ನಾವು ಎರಡನೆಯದನ್ನೇ ಇಷ್ಟಪಡುತ್ತೇವೆ, ತೊಗಟೆಯ ಗೀರುಗಳೇ ಹಿನ್ನೆಲೆಗೆ ಸಾಕಷ್ಟು ಶೋಭೆ ಕೊಡುತ್ತವೆ. ನಡುಹಗಲ ಬಿಸಿಲು ಎಲೆಗಳ ನಡುವಿನಿಂದ ತೂರಿ ಮುಖದ ಮೇಲೆ ಬಿಳಿ ಮಚ್ಚೆ ಮೂಡಿಸುವುದರಿಂದ ಮೋಡ ಕವಿದ ದಿನವೇ ಅಲ್ಲಿಗೆ ಪ್ರಶಸ್ತ. ಈ ಮರಗಳ ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಅಗಲವಾಗಿ ಹಬ್ಬಿಕೊಂಡಿರುತ್ತದೆ, ಮೇಲೆ ಓಡಾಡಿದಷ್ಟೂ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕಷ್ಟವಾಗುತ್ತದೆ. ತೋಪಿನೊಳಗಿದ್ದ ಡಾಂಬರನ್ನೂ ಪಾರ್ಕಿಂಗ್ ಜಾಗವನ್ನೂ ತೆಗೆದು, ಮರದ ಹಲಗೆಯ ಕಾಲುದಾರಿ ಹಾಕಿ 2018ರಲ್ಲಿ ಅದನ್ನು ಮತ್ತೆ ತೆರೆದದ್ದು ಈ ಕಾರಣಕ್ಕಾಗಿಯೇ. ಆದ್ದರಿಂದ ಬೇಲಿ ದಾಟಿ ಬುಡಕ್ಕೆ ಒರಗಿ ನಿಲ್ಲುವ ಚಿತ್ರಗಳನ್ನು ನಾವು ತೆಗೆಯುವುದಿಲ್ಲ.

ಕಣಿವೆಯ ಹುಲ್ಲುಗಾವಲುಗಳಿಗೂ ಇದೇ ನಿಯಮ. ಹೂ ಬಿಟ್ಟ ಹುಲ್ಲಿನ ನಡುವೆ ಕುಳಿತ ಜೋಡಿಯ ಚಿತ್ರ ಸುಂದರವಾಗಿರುತ್ತದೆ ನಿಜ, ಆದರೆ ಒದ್ದೆ ನೆಲದ ಮೇಲೆ ಒಬ್ಬರು ಹೋದ ಹೆಜ್ಜೆಯಲ್ಲೇ ಮುಂದಿನವರು ಹೋಗಿ ಹೋಗಿ ಅಲ್ಲೊಂದು ಹೊಸ ದಾರಿ ಬೀಳುತ್ತದೆ. ಹಲಗೆಯ ಕಾಲುದಾರಿಯ ಅಂಚಿನಲ್ಲಿ ಕೂರಿಸಿ ಕ್ಯಾಮೆರಾ ಕೆಳಗಿಟ್ಟು ತೆಗೆದರೆ ಹುಲ್ಲು ಮುಂದೆ ತುಂಬಿಕೊಂಡು ಅದೇ ಭಾವ ಬರುತ್ತದೆ. ನಮ್ಮ ಹಳೆಯ ಆಲ್ಬಮ್‌ಗಳಲ್ಲಿ ನೀವು ಮೆಚ್ಚಿದ ಕೆಲವು ಚಿತ್ರಗಳು ಹಾಗೆ ತೆಗೆದವೇ. ಫೆಬ್ರುವರಿಯ ನಡುವಿನಿಂದ ಕೊನೆಯವರೆಗೆ ಹಾರ್ಸ್‌ಟೇಲ್ ಜಲಪಾತ ಮುಳುಗುವ ಸೂರ್ಯನ ಬೆಳಕಿಗೆ ಬೆಂಕಿಯಂತೆ ಹೊಳೆಯುವ ದಿನಗಳಲ್ಲಿ ನಾವು ಇನ್ನು ಜೋಡಿಗಳ ಶೂಟ್ ಒಪ್ಪಿಕೊಳ್ಳುವುದಿಲ್ಲ. ಮೇಲೆ ಹಿಮ ಇರಬೇಕು, ಅದು ಕರಗಿ ನೀರು ಬರಬೇಕು, ಪಶ್ಚಿಮದಲ್ಲಿ ಮೋಡ ಇರಬಾರದು. ಇಷ್ಟೆಲ್ಲ ಕೂಡಿಬಂದರೂ ಜನಜಂಗುಳಿ, ನಿರ್ಬಂಧಿತ ಪಾರ್ಕಿಂಗ್, ಕತ್ತಲಲ್ಲಿ ವಾಪಸು ನಡಿಗೆ. ಅದು ಜಲಪಾತದ ಚಿತ್ರಕ್ಕೆ ಒಳ್ಳೆಯ ಸಂಜೆಯೇ ಹೊರತು ಜೋಡಿಯ ಚಿತ್ರಕ್ಕಲ್ಲ.

ಪ್ರಪಾತಗಳ ಅಂಚಿನ ಬಗ್ಗೆ ನಮ್ಮ ನಿಲುವು ಖಚಿತವಾಗಿದೆ. ಟ್ಯಾಫ್ಟ್ ಪಾಯಿಂಟ್‌ನಲ್ಲಿ ಒಂದು ಸಣ್ಣ ಭಾಗಕ್ಕೆ ಮಾತ್ರ ಕಂಬಿ ಇದೆ, ಉಳಿದ ಅಂಚೆಲ್ಲ ತೆರೆದದ್ದು, ಬಂಡೆಯಲ್ಲಿ ಆಳವಾದ ಬಿರುಕುಗಳೂ ಇವೆ. 2018ರ ಅಕ್ಟೋಬರ್‌ನಲ್ಲಿ ಅಲ್ಲಿಂದ ಬಿದ್ದು ದಂಪತಿಗಳಿಬ್ಬರು ಮೃತಪಟ್ಟ ಸುದ್ದಿಯನ್ನು ನಮ್ಮ ಗ್ರಾಹಕರಲ್ಲಿ ಅನೇಕರು ಓದಿರುತ್ತೀರಿ. ಅಲ್ಲಿಗೆ ಹೋಗುವುದನ್ನು ನಾವು ಬಿಟ್ಟಿಲ್ಲ, ಸುಮಾರು 1.8 ಕಿಲೋಮೀಟರ್ ಕಾಡುದಾರಿಯ ನಡಿಗೆ ಸೊಗಸಾಗಿದೆ, ನೋಟವೂ ಅಪೂರ್ವ. ಅಂಚಿನಿಂದ ಹಲವು ಮೀಟರ್ ಹಿಂದಿರುವ ದಿಬ್ಬದ ಮೇಲೆ ಜೋಡಿಯನ್ನು ನಿಲ್ಲಿಸಿ, ದೂರದಿಂದ ಉದ್ದ ಲೆನ್ಸ್‌ನಲ್ಲಿ ತೆಗೆದರೆ ಹಿಂದಿನ ಕಣಿವೆ ಅವರ ಕಾಲಬುಡಕ್ಕೇ ಬಂದಂತೆ ಕಾಣುತ್ತದೆ. ಅದಕ್ಕಿಂತ ಮುಂದೆ ಹೋಗುವಂತೆ ಯಾರು ಕೇಳಿಕೊಂಡರೂ ಕ್ಯಾಮೆರಾ ಚೀಲಕ್ಕೆ ಸೇರುತ್ತದೆ. ವರ್ನಲ್ ಜಲಪಾತದ ಮೇಲ್ಭಾಗದಲ್ಲಿ, ವಸಂತದ ಮರ್ಸೆಡ್ ನದಿಯ ಬಂಡೆಗಳ ಮೇಲೆ ನಿಲ್ಲಿಸುವುದೂ ಇಲ್ಲ, ಏಕೆಂದರೆ ನೀರು ಹರಿದು ನುಣುಪಾದ ಗ್ರಾನೈಟ್ ಒಣಗಿದಾಗಲೂ ಜಾರುತ್ತದೆ.

ನಿಯಮಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. 2025ರ ಜನವರಿಯಲ್ಲಿ ಸಹಿಯಾದ ಎಕ್ಸ್‌ಪ್ಲೋರ್ ಎಂಬ ಅಮೆರಿಕದ ಕಾಯಿದೆಯ ನಂತರ, ಕೈಯಲ್ಲಿ ಹಿಡಿಯುವ ಉಪಕರಣಗಳೊಂದಿಗೆ ಸಣ್ಣ ಗುಂಪು ಸಾರ್ವಜನಿಕರಿಗೆ ತೆರೆದ ಜಾಗದಲ್ಲಿ, ಇತರರಿಗೆ ಅಡ್ಡಿಯಾಗದಂತೆ ಫೋಟೊ ತೆಗೆಯಲು ಸಾಮಾನ್ಯವಾಗಿ ಪರವಾನಗಿ ಬೇಕಿಲ್ಲ. ಹಾರ ಬದಲಿಸಿಕೊಂಡು ಅಲ್ಲೇ ವಿವಾಹ ವಿಧಿ ನಡೆಸುವುದಾದರೆ ಉದ್ಯಾನದ ವಿಶೇಷ ಬಳಕೆಯ ಪರವಾನಗಿಯನ್ನು ನೀವೇ ಮುಂಚಿತವಾಗಿ ಪಡೆದಿರಬೇಕು. ಅಕ್ಷತೆಯನ್ನೂ ಹೂವಿನ ಎಸಳನ್ನೂ ಎರಚುವಂತಿಲ್ಲ. ಹಿರಿಯರು ಜೊತೆಗಿದ್ದರೆ ಇದನ್ನು ಮನೆಯಲ್ಲೇ ತಿಳಿಸಿಬಿಡುವುದು ಒಳ್ಳೆಯದು, ಅಕ್ಕಿ ಕೈಗೆ ಬಂದ ಮೇಲೆ ಬೇಡವೆನ್ನುವುದು ಎಲ್ಲರಿಗೂ ಮುಜುಗರ. ಡ್ರೋನ್ ಹಾರಿಸುವುದು ನಿಷಿದ್ಧವಾದ್ದರಿಂದ ಅಂಥ ಚಿತ್ರಗಳ ಕೋರಿಕೆಯನ್ನು ಒಪ್ಪಿಕೊಳ್ಳಲಾಗುವುದಿಲ್ಲ. ಪ್ರವೇಶಕ್ಕೆ ಮುಂಗಡ ಕಾಯ್ದಿರಿಸುವ ಪದ್ಧತಿ 2023ರಲ್ಲಿ ಇರಲಿಲ್ಲ, 2024ರಲ್ಲಿ ಮತ್ತೆ ಬಂತು; ನಿಮ್ಮ ದಿನಾಂಕಕ್ಕೆ ಯಾವ ನಿಯಮ ಇದೆಯೆಂಬುದನ್ನು ನೋಡಿ ನಾವೇ ತಿಳಿಸುತ್ತೇವೆ.

ಹಾಗಾದರೆ ಸ್ಥಳ ಗೊತ್ತಾಗುವ ಮೊದಲು ಉಡುಗೆ ತೊಡುಗೆ ಹೇಗೆ ಆರಿಸುವುದೆಂದು ನೀವು ಕೇಳಬಹುದು. ದಿನಾಂಕ ಗೊತ್ತಾದೊಡನೆ ಋತುವಿನ ಸ್ವರೂಪವನ್ನು ಬರೆದು ಕಳುಹಿಸುತ್ತೇವೆ: ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಡಾಗ್‌ವುಡ್ ಮರಗಳ ಬಿಳಿ ಹೂವು, ಅಕ್ಟೋಬರ್ ಕೊನೆಗೆ ಓಕ್ ಮತ್ತು ಮೇಪಲ್‌ಗಳ ಹಳದಿ, ಚಳಿಗಾಲದಲ್ಲಿ ಬೂದು ಬಂಡೆ, ಬಿಳಿ ಹಿಮ. ಕಡುಗೆಂಪು, ಅರಿಶಿನ, ನವಿಲುನೀಲಿ ಎಲ್ಲ ಋತುವಿಗೂ ಹೊಂದುತ್ತವೆ. ಗ್ರಾನೈಟ್‌ನದೇ ಬಣ್ಣದ ತಿಳಿಬೂದು ಮಾತ್ರ ಬೇಡವೆಂಬುದು ನಮ್ಮ ಸಲಹೆ. ಎತ್ತರದ ಜಾಗಗಳಲ್ಲಿ ಗಾಳಿ ಹೆಚ್ಚು, ಸೆರಗಿಗೆ ಪಿನ್ ಬೇಕು, ನಡೆಯಲು ಒಳ್ಳೆಯ ಹಿಡಿತದ ಬೂಟು ಬೇಕು, ಅಲಂಕಾರದ ಚಪ್ಪಲಿಯನ್ನು ಚೀಲದಲ್ಲಿ ತಂದರಾಯಿತು.

ಪರ್ಯಾಯ ಸ್ಥಳವನ್ನು ಮೊದಲೇ ಸೂಚಿಸುವುದು ಮುಖ್ಯವಾಗಿ ಹೊಗೆಯ ಕಾರಣಕ್ಕೆ. ಬೇಸಿಗೆಯ ಕೊನೆಯಲ್ಲಿ ಕಾಡ್ಗಿಚ್ಚಿನ ಹೊಗೆ ಕಣಿವೆಯಲ್ಲಿ ತುಂಬಿಕೊಂಡರೆ ಟನಲ್ ವ್ಯೂನಲ್ಲಿ ಬೆಟ್ಟವೇ ಕಾಣದಿರಬಹುದು. 2018ರ ಬೇಸಿಗೆಯಲ್ಲಿ ಫರ್ಗುಸನ್ ಕಾಡ್ಗಿಚ್ಚಿನಿಂದ ಕಣಿವೆಯನ್ನೇ ಮುಚ್ಚಬೇಕಾಯಿತು. ದೂರದ ನೋಟ ಬೇಡದ, ಮರ ಅಥವಾ ಬಂಡೆ ಹತ್ತಿರವೇ ಇರುವ ಜಾಗಗಳಲ್ಲಿ ತೆಳು ಹೊಗೆ ತೊಂದರೆ ಕೊಡುವುದಿಲ್ಲ. ಉಸಿರಾಟಕ್ಕೆ ತ್ರಾಸವಾಗುವಷ್ಟಿದ್ದರೆ ಶುಲ್ಕವಿಲ್ಲದೆ ದಿನಾಂಕ ಮುಂದೂಡುತ್ತೇವೆ.

ಚಿತ್ರಗಳನ್ನು ನಾವು ಪ್ರಕಟಿಸುವಾಗ ಇನ್ನು ಮುಂದೆ ಉದ್ಯಾನದ ಹೆಸರನ್ನಷ್ಟೇ ಬರೆಯುತ್ತೇವೆ, ನಿಖರವಾದ ಜಾಗವನ್ನು ಗುರುತಿಸುವುದಿಲ್ಲ. ನೀವೂ ಹಾಗೆಯೇ ಮಾಡಿದರೆ ಸಂತೋಷ, ಆದರೆ ನಿಮ್ಮ ಚಿತ್ರ ನಿಮ್ಮದು, ಅದು ಕರಾರಲ್ಲ.

ದರದಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಈ ಪತ್ರಕ್ಕೆ ಮುಂಚೆ ಹೆಸರಿನ ಮೇಲೆ ಸ್ಥಳ ಕಾಯ್ದಿರಿಸಿದವರಿಗೆ ಹಳೆಯ ಒಪ್ಪಂದವೇ ನಡೆಯುತ್ತದೆ. ಪ್ರಪಾತದ ಅಂಚು, ಹುಲ್ಲುಗಾವಲು ಮತ್ತು ಬೇಲಿಯ ವಿಷಯದಲ್ಲಿ ಮಾತ್ರ ಮೇಲೆ ಹೇಳಿದ್ದು ಅವರಿಗೂ ಅನ್ವಯಿಸುತ್ತದೆ. ಹೊಸ ಕ್ರಮ ಒಪ್ಪಿಗೆಯಾಗದವರು ಶೂಟ್‌ಗೆ ಎರಡು ವಾರ ಮುಂಚೆ ತಿಳಿಸಿದರೆ ಮುಂಗಡವನ್ನು ಪೂರ್ತಿಯಾಗಿ ಹಿಂದಿರುಗಿಸುತ್ತೇವೆ. ಉಳಿದವರು ದಿನಾಂಕ, ಜೊತೆಗೆ ಬರುವವರ ಸಂಖ್ಯೆ, ಮಂಡಿನೋವು ಅಥವಾ ಎತ್ತರದ ಭಯ ಯಾರಿಗಾದರೂ ಇದೆಯೇ, ಮುಂಜಾನೆ ಕತ್ತಲಿರುವಾಗಲೇ ಹೊರಡಲು ಒಪ್ಪುವಿರಾ ಎಂಬ ವಿವರಗಳನ್ನು ಈ ಪತ್ರಕ್ಕೆ ಉತ್ತರವಾಗಿ ಬರೆದು ಕಳುಹಿಸಬೇಕಾಗಿ ವಿನಂತಿ.

ಇಂತಿ ನಿಮ್ಮ ವಿಶ್ವಾಸಿಗಳು,
ಸಂಸ್ಥೆಯ ಛಾಯಾಗ್ರಾಹಕರು