ಟೈಮ್‌ಶೀಟ್‌ನಲ್ಲಿ ನಿಜವಾದ ಗಂಟೆ ದಾಖಲಾಗಲಿ

ಮಾನ್ಯ ಸಂಪಾದಕರೇ,

ಐಟಿ ನೌಕರರ ದುಡಿಮೆಯ ಅವಧಿ ಹೆಚ್ಚಿಸುವ ಚರ್ಚೆ 2024ರಿಂದ ಆಗಾಗ ಎದ್ದು ತಣ್ಣಗಾಗುತ್ತಿದೆ. ಬೇರೆ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕನ್ಸಲ್ಟಿಂಗ್ ಸಂಸ್ಥೆಗಳಲ್ಲಿ ಜನ ರಾತ್ರಿ ಹತ್ತರವರೆಗೆ ಕೂರಬೇಕಾಗುವುದು ಏಕೆ ಎಂಬ ಪ್ರಶ್ನೆ ಮಾತ್ರ ಅದರಲ್ಲಿ ಬರುವುದೇ ಇಲ್ಲ. ಬಹುಪಾಲು ಕಾರಣ ಟೈಮ್‌ಶೀಟ್‌ನಲ್ಲೇ, ಅಂದರೆ ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತು ಎಂದು ನೌಕರರು ತುಂಬುವ ಪಟ್ಟಿಯಲ್ಲೇ ಇದೆ.

ಫಿಕ್ಸೆಡ್ ಪ್ರೈಸ್ (ಒಟ್ಟು ದರ ಮೊದಲೇ ನಿಗದಿಯಾದ) ಪ್ರಾಜೆಕ್ಟ್‌ನಲ್ಲಿ ಒಂದು ಕೆಲಸಕ್ಕೆ 40 ಗಂಟೆ ಎಂದು ಎಸ್ಟಿಮೇಟ್ ಕೊಟ್ಟಿದ್ದಾರೆ ಎನ್ನಿ. ನಿಜಕ್ಕೂ ಹಿಡಿದದ್ದು 60. ಎಸ್ಟಿಮೇಟ್ ಮೀರಿದರೆ ಮೇಲಿನವರಿಗೆ ಉತ್ತರ ಹೇಳಬೇಕಲ್ಲ, ಹಾಗಾಗಿ ದಿನಕ್ಕೆ 8ರಂತೆ ಐದು ದಿನ ತುಂಬಿ ಸಬ್‌ಮಿಟ್ ಮಾಡಿಸುತ್ತಾರೆ. ಉಳಿದ 20 ಗಂಟೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಮುಂದಿನ ಗ್ರಾಹಕರಿಗೆ ದರ ಹೇಳುವಾಗ ಹಳೆಯ ದಾಖಲೆ ತೆಗೆದರೆ ಕಾಣುವುದು 40. ಪೈಪೋಟಿಗೆ ಬಿದ್ದು ಅದನ್ನೂ 35ಕ್ಕೆ ಇಳಿಸುತ್ತಾರೆ.

ಸಮಯ ಸಾಲದಿದ್ದಾಗ ಕೋಡ್ ಬರೆಯುವುದನ್ನು ಬಿಡಲಾಗದು, ಕತ್ತರಿ ಬೀಳುವುದು ರಿವ್ಯೂಗೆ (ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪುವುದು) ಮತ್ತು ಟೆಸ್ಟಿಂಗ್‌ಗೆ. 1,200 ಸಾಲುಗಳ ಬದಲಾವಣೆಗೆ ಐದು ನಿಮಿಷದಲ್ಲಿ ಅಪ್ರೂವಲ್ ಬಿದ್ದರೆ ಅದನ್ನು ಯಾರೂ ಓದಿಲ್ಲ ಎಂದೇ ಅರ್ಥ. 200–300 ಸಾಲುಗಳ ತುಂಡುಗಳಾಗಿ ಕಳಿಸಿ, ಅದೇ ದಿನ ಓದಿಸಿಕೊಂಡರೆ ತಪ್ಪುಗಳು ಅಲ್ಲೇ ಸಿಗುತ್ತವೆ.

ಅವಸರ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಡೇಟಾಬೇಸ್‌ನ ಒಂದು ಕಾಲಂ ಹೆಸರು ಬದಲಿಸುವ ಸಣ್ಣ ಕೆಲಸವನ್ನೇ ನೋಡಿ. ಒಂದೇ ರಿಲೀಸ್‌ನಲ್ಲಿ (ಹೊಸ ಕೋಡನ್ನು ಸರ್ವರ್‌ಗಳಿಗೆ ಹಾಕುವ ಒಂದೇ ಸುತ್ತಿನಲ್ಲಿ) ಹೆಸರು ಬದಲಿಸಿದರೆ, ಸರ್ವರ್‌ಗಳು ಒಂದೊಂದಾಗಿ ಅಪ್‌ಡೇಟ್ ಆಗುವ ಹೊತ್ತಿನಲ್ಲಿ ಇನ್ನೂ ಹಳೆಯ ಕೋಡ್ ಓಡಿಸುತ್ತಿರುವವು ಹಳೆಯ ಹೆಸರನ್ನೇ ಹುಡುಕಿ ಎರರ್ ಕೊಡುತ್ತವೆ. ರೋಲ್‌ಬ್ಯಾಕ್ ಮಾಡಿದರೂ, ಅಂದರೆ ಹಳೆಯ ಕೋಡ್‌ಗೇ ಮರಳಿದರೂ ಪ್ರಯೋಜನವಿಲ್ಲ, ಹಳೆಯ ಕೋಡ್‌ಗೆ ಬೇಕಾದ ಕಾಲಂ ಅಲ್ಲಿಲ್ಲ. ಸರಿಯಾದ ಕ್ರಮದಲ್ಲಿ ಮೊದಲು ಹೊಸ ಕಾಲಂ ಸೇರಿಸಿ ಎರಡಕ್ಕೂ ಬರೆಯಬೇಕು, ಹಳೆಯ ಡೇಟಾ ನಕಲಿಸಬೇಕು, ಓದುವುದನ್ನು ಹೊಸದಕ್ಕೆ ತಿರುಗಿಸಬೇಕು, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ಇನ್ನೊಂದು ರಿಲೀಸ್‌ನಲ್ಲಿ ಹಳೆಯದನ್ನು ತೆಗೆಯಬೇಕು. ಇದಕ್ಕೆ ಎರಡು ಮೂರು ರಿಲೀಸ್ ಬೇಕು. 35 ಗಂಟೆಯ ಎಸ್ಟಿಮೇಟ್‌ನಲ್ಲಿ ಅದಕ್ಕೆಲ್ಲಿ ಜಾಗ? ಹೀಗಾಗಿ ಶುಕ್ರವಾರ ಸಂಜೆ ಒಂದೇ ಏಟಿಗೆ ಹಾಕುತ್ತಾರೆ, ಶನಿವಾರ ಇಡೀ ತಂಡ ಕಾಲ್‌ನಲ್ಲಿರುತ್ತದೆ. ಆ ಶನಿವಾರವೂ ಟೈಮ್‌ಶೀಟ್‌ಗೆ ಬರುವುದಿಲ್ಲ.

ಎಸ್ಟಿಮೇಟ್ ಒಂದೇ ಅಂಕಿಯಾಗಿರಬಾರದು. ಎಲ್ಲವೂ ಸುಸೂತ್ರವಾದರೆ 30, ಸಾಮಾನ್ಯವಾಗಿ 40, ಕೆಟ್ಟರೆ 80 ಗಂಟೆ ಎಂದಿದ್ದರೆ, ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು, ಮೂರನ್ನೂ ಕೂಡಿಸಿ ಆರರಿಂದ ಭಾಗಿಸಿದಾಗ 45 ಬರುತ್ತದೆ. ಹಳೆಯ ವಿಧಾನ, ಈ ಕ್ಷೇತ್ರದವರಿಗೆ ಗೊತ್ತಿರುವುದೇ. ಆದರೆ ಆ 40 ಮತ್ತು 80 ನಿಜವಾದ ದಾಖಲೆಯಿಂದ ಬಂದಿರದಿದ್ದರೆ ಸೂತ್ರದಿಂದ ಏನೂ ಆಗದು.

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ವೇತನ ಕೊಡಬೇಕೆನ್ನುತ್ತದೆ. ಹೆಚ್ಚುವರಿ ಗಂಟೆ ದಾಖಲೆಯಲ್ಲೇ ಇಲ್ಲದಿದ್ದರೆ ಕೇಳುವುದು ಹೇಗೆ? ದೂರು ಬಂದಾಗ ಕಾರ್ಮಿಕ ಇಲಾಖೆಯವರು ಟೈಮ್‌ಶೀಟ್ ಒಂದನ್ನೇ ನಂಬಬಾರದು. ಯಾವ ಕೋಡ್ ಎಷ್ಟು ಹೊತ್ತಿಗೆ ಸೇರಿತು, ಯಾವ ರಿಲೀಸ್ ಎಷ್ಟು ಗಂಟೆಗೆ ಹೋಯಿತು ಎಂಬುದು ಕಂಪನಿಯ ಲಾಗ್‌ಗಳಲ್ಲಿ ಸಮಯ ಸಹಿತ ಇರುತ್ತದೆ. ಅದನ್ನೂ ತರಿಸಿಕೊಂಡು ಟೈಮ್‌ಶೀಟ್ ಜೊತೆ ತಾಳೆ ನೋಡಲಿ.

– ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು